ತೋಟದ ಊರಿನಲ್ಲಿ ಯೇಸುವಿನ ಶಿಷ್ಯನಾಗಿ ಬಾಳೋದು ಹೇಗೆ?

ಸಿದ್ದಾಪುರ ರೈಟರ್

ಎಲ್ಲರಿಗೂ ನಮಸ್ಕಾರ. ಕೊಡಗಿನ ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್ ಕೆಲಸ, ಅಂದ್ರೆ ಆಳುಗಳ ಹಾಜರಿ, ಕೂಲಿ ಲೆಕ್ಕ ಬರೆಯುವ ಕೆಲಸ ಮಾಡುತ್ತಿದ್ದೇನೆ. ನಾವು ಕೆಥೋಲಿಕರು. ತಪಸ್ಸುಕಾಲ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು) ಶುರುವಾಗುವ ಮುಂಚೆ ನಮ್ಮಲ್ಲಿ ಯುವಕರ ಕೂಟ ಇದೆ. ನೀನೂ ಕಾಲು ಗಂಟೆ ಮಾತಾಡು ಅಂತ ಫಾದರ್ ಹೇಳಿದ್ದಾರೆ. ವಿಷಯ: ಯೇಸುವಿನ ಶಿಷ್ಯರಾಗಿ ಬಾಳುವುದು.

ಪ್ರಾರ್ಥನೆ ಬಿಡಬೇಡಿ, ಭಾನುವಾರ ಪೂಜೆ ತಪ್ಪಿಸಬೇಡಿ, ಮೊಬೈಲ್ ಕಡಿಮೆ ಮಾಡಿ ಅಂತ ಹೇಳಿ ಕೂತುಬಿಡಬಹುದು. ಯಾರೂ ಬೇಜಾರು ಮಾಡಿಕೊಳ್ಳಲ್ಲ, ಯಾರೂ ಕೇಳಿಸಿಕೊಳ್ಳೋದೂ ಇಲ್ಲ. ಆದರೆ ಅಲ್ಲಿಗೆ ಬರುವ ಹುಡುಗ ಹುಡುಗಿಯರಲ್ಲಿ ಕೆಲವರು ಲೈನ್ ಮನೆಯವರು, ಅಂದ್ರೆ ತೋಟದ ಕೂಲಿಯವರ ಮಕ್ಕಳು, ಕೆಲವರು ತೋಟದ ಮಾಲೀಕರ ಮಕ್ಕಳು. ಭಾನುವಾರ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಸೋಮವಾರದಿಂದ ಬೇರೆ ಕಥೆ. ಇಬ್ಬರಿಗೂ ತಾಗುವ ಮಾತು ಬೇಕು.

ಬೈಬಲ್ ವಾಕ್ಯ ನಾನೇ ಹುಡುಕಿಕೊಳ್ಳುತ್ತೇನೆ. ನಮ್ಮ ಊರಿನ ಬದುಕಿನಿಂದ ನಿಮಗೇನು ತೋಚುತ್ತೆ, ಅದನ್ನು ಹೇಳಿ.

ಕುಶಾಲನಗರ ಬ್ರದರ್

ಕರ್ತನಿಗೆ ಸ್ತೋತ್ರ. ನಾನು ಬೇರೆ ಸಭೆಯವನು ಬ್ರದರ್, ಆದರೂ ಹೇಳುತ್ತೇನೆ.

ಶಿಷ್ಯ ಆಗಬೇಕು ಅಂದ್ರೆ ಮೊದಲು ಏನೋ ಒಂದನ್ನು ಬಿಡಬೇಕು. ಪೇತ್ರ, ಅಂದ್ರೆಯ ಬಲೆ ಬಿಟ್ಟರು. ಮತ್ತಾಯ ಸುಂಕದ ಕಟ್ಟೆಯಿಂದ ಎದ್ದು ಬಂದ. ನಾನು ಬಿಟ್ಟಿದ್ದು ಕುಡಿತ. ಶನಿವಾರ ಬಟವಾಡೆ ಆದ ಮೇಲೆ ದುಡ್ಡು ಮನೆಗೆ ಬಂದಿದ್ದೇ ಕಡಿಮೆ. ನಮ್ಮ ಕೊಡಗಿನಲ್ಲಿ ಮದುವೆಯಾಗಲಿ ಸಾವಾಗಲಿ, ಬಾಟಲಿ ಇಲ್ಲದೆ ನಡೆಯಲ್ಲ. ಬೇಡ ಅಂದವನನ್ನು ಜನ ನೋಡುವ ರೀತಿ ಗೊತ್ತಲ್ವಾ? ಮೊದಲ ವರ್ಷ ನೆಂಟರ ಮನೆಗೆ ಹೋಗುವುದನ್ನೇ ಬಿಟ್ಟಿದ್ದೆ. ಯುವಕರಿಗೆ ಇದನ್ನು ಹೇಳಿ. ಅರ್ಧ ಹುಡುಗರಿಗೆ ಬೇಕಾದ ಮಾತು ಇದೇ.

ಇನ್ನೊಂದು ವಿಷಯ. ಶಿಷ್ಯರನ್ನಾಗಿ ಮಾಡಿ ಅಂತ ಮತ್ತಾಯ 28ರಲ್ಲಿ ಯೇಸುವೇ ಹೇಳಿದ್ದಾನೆ. ಬಾಯಿ ಮುಚ್ಚಿಕೊಂಡು ಒಳ್ಳೆಯವರಾಗಿದ್ದರೆ ಸಾಕು ಅನ್ನೋದನ್ನು ನಾನು ಒಪ್ಪಲ್ಲ.

ಗೋಣಿಕೊಪ್ಪ ಟೀಚರ್

ಬ್ರದರ್, ಕುಡಿತ ಬಿಟ್ಟಿದ್ದಕ್ಕೆ ದೇವರು ಒಳ್ಳೆಯದು ಮಾಡಲಿ. ಅದು ಸಣ್ಣ ವಿಷಯ ಅಲ್ಲ.

ರೈಟರ್, ನಿಮಗೆ ಲೂಕ 14 ಓದಿ ಅನ್ನುತ್ತೇನೆ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕಲ್ವಾ ಅಂತ ಯೇಸು ಕೇಳುತ್ತಾನೆ. ಜನ ಗುಂಪು ಗುಂಪಾಗಿ ಹಿಂದೆ ಬರುತ್ತಿದ್ದಾಗ ಹೇಳಿದ ಮಾತು ಅದು. ಬೇರೆ ಯಾರಾದರೂ ಆಗಿದ್ದರೆ ಜನ ಸೇರಿದರಲ್ಲ ಅಂತ ಖುಷಿಪಡುತ್ತಿದ್ದರು. ಇವನು ನಿಂತು, ತಿರುಗಿ, ಇದಕ್ಕೆ ಎಷ್ಟಾಗುತ್ತೆ ಗೊತ್ತಿದೆಯಾ ಅಂತ ಕೇಳಿದ.

ಜರ್ಮನಿಯ ಪಾಸ್ಟರ್ ಡೀಟ್ರಿಚ್ ಬಾನ್‌ಹಾಫರ್ ಬಗ್ಗೆ ಹೇಳಬಹುದು. ಹಿಟ್ಲರ್ ಕಾಲದವರು. ತನ್ನಿಂದ ಏನನ್ನೂ ಕೇಳದ ಭಕ್ತಿಗೆ ಅವರು ಇಟ್ಟ ಹೆಸರು 'ಅಗ್ಗದ ಕೃಪೆ'. 1939ರಲ್ಲಿ ಅಮೆರಿಕಕ್ಕೆ ಹೋಗಿದ್ದರು, ಅಲ್ಲೇ ಉಳಿಯಬಹುದಿತ್ತು. ನನ್ನ ಜನ ಕಷ್ಟದಲ್ಲಿರುವಾಗ ಇಲ್ಲಿದ್ದು ಏನು ಮಾಡಲಿ ಅಂತ ಕೆಲವೇ ವಾರದಲ್ಲಿ ವಾಪಸ್ ಬಂದರು. 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೆ ಹಾಕಿದರು. ಯುದ್ಧ ಮುಗಿಯಲು ಒಂದು ತಿಂಗಳೂ ಉಳಿದಿರಲಿಲ್ಲ.

ಸುಂಟಿಕೊಪ್ಪ ಅಕ್ಕ

ಟೀಚರ್, ಗಲ್ಲಿಗೇರಿದವರ ಕಥೆ ಕೇಳಿ ಹುಡುಗರು ಚಪ್ಪಾಳೆ ತಟ್ಟಿ ಮನೆಗೆ ಹೋಗಿ ಅಮ್ಮನ ಹತ್ತಿರ ಊಟ ಬಡಿಸು ಅಂತಾರೆ. ಅಷ್ಟೇ ಆಗೋದು. 😄

ತಮಾಷೆ ಸಾಕು. ನನಗೆ ಒಂದು ವಿಷಯ ಹೇಳಲೇಬೇಕು. 'ನಿನ್ನ ಶಿಲುಬೆ ಹೊತ್ತುಕೊ' ಅನ್ನೋ ಮಾತನ್ನು ನಮ್ಮಲ್ಲಿ ಜಾಸ್ತಿ ಹೇಳೋದು ಹೆಂಗಸರಿಗೆ. ಗಂಡ ಕುಡಿದು ಹೊಡೆದರೂ ಶಿಲುಬೆ, ಅತ್ತೆ ಬೈದರೂ ಶಿಲುಬೆ. ಯೇಸು ಹೇಳಿದ್ದು ಹಾಗಲ್ಲ. ಮಾರ್ಕ 8ರಲ್ಲಿ ಬರೋದು 'ನನ್ನ ಹಿಂದೆ ಬರಲು ಮನಸ್ಸಿದ್ದರೆ' ಅಂತ. ಮನಸ್ಸಿದ್ದರೆ! ತಾನಾಗಿ ಎತ್ತಿಕೊಳ್ಳೋದು ಬೇರೆ, ಇನ್ನೊಬ್ಬರು ತಲೆ ಮೇಲೆ ಹೇರೋದು ಬೇರೆ. ಹೊಡೆತ ತಿನ್ನುವ ಹೆಣ್ಣುಮಗಳಿಗೆ ಬೇಕಾಗಿರೋದು ಉಪದೇಶ ಅಲ್ಲ, ಜೊತೆಗೆ ಪೊಲೀಸ್ ಸ್ಟೇಷನ್‌ಗೆ ಬರುವ ಒಬ್ಬ ಮನುಷ್ಯ.

ಶಿಷ್ಯರು ಅಂದ್ರೆ ಹನ್ನೆರಡು ಗಂಡಸರು ಅಂತಲೇ ಚಿತ್ರ ಬರೆಯುತ್ತೇವೆ. ಲೂಕ 8ರ ಮೊದಲ ಮೂರು ವಾಕ್ಯ ನೋಡಿ. ಮಗ್ದಲದ ಮರಿಯಳು, ಹೆರೋದನ ಮನೆವಾರ್ತೆಯವನ ಹೆಂಡತಿ ಯೋಹಾನಳು, ಸುಸನ್ನಳು. ಯೇಸು ಊರೂರು ಸುತ್ತುವಾಗ ಇವರೂ ಜೊತೆಯಲ್ಲಿ ಇದ್ದರು, ತಮ್ಮ ದುಡ್ಡಿನಿಂದ ಖರ್ಚು ನೋಡಿಕೊಂಡರು. ಕೂಟದಲ್ಲಿ ಹುಡುಗಿಯರೂ ಇರ್ತಾರಲ್ವಾ, ಅವರಿಗೆ ಇದನ್ನು ಹೇಳಿ ತಮ್ಮಾ.

ಕುಶಾಲನಗರ ಬ್ರದರ್

ಅಕ್ಕ ಹೇಳಿದ್ದು ಸರಿ. ಕುಡಿಯುತ್ತಿದ್ದಾಗ ನಮ್ಮ ಮನೆಯಲ್ಲಿ ಶಿಲುಬೆ ಹೊತ್ತಿದ್ದು ನನ್ನ ಹೆಂಡತಿ. ಹೇರಿದ್ದು ನಾನು.

ಬಿಟ್ಟಂಗಾಲ ಪ್ಲಾಂಟರ್

ಒಳ್ಳೆಯ ಚರ್ಚೆ. ನಮ್ಮದು ಹನ್ನೆರಡು ಎಕರೆ ತೋಟ, ರೋಬಸ್ಟಾ ಕಾಫಿ, ಜೊತೆಗೆ ಕಾಳುಮೆಣಸು. ಅಪ್ಪನ ಕಾಲದಿಂದ ಚರ್ಚಿಗೆ ಏನು ಬೇಕೋ ಕೊಟ್ಟಿದ್ದೇವೆ. ಹಬ್ಬಕ್ಕೆ, ಕಟ್ಟಡಕ್ಕೆ, ಬಡವರ ನಿಧಿಗೆ. ಒಂದೇ ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಯುವಕರಿಗೆ ಪ್ರಾಯೋಗಿಕವಾಗಿ ಹೇಳಿ. ಧರ್ಮ ಬೇರೆ, ತೋಟ ಬೇರೆ. ಆನೆ ಕಾಟ, ಆಳು ಸಿಗದ ಕಾಟ, ಕಣದಲ್ಲಿ ಕಾಫಿ ಹರಡಿದಾಗ ಬರುವ ಅಕಾಲ ಮಳೆ. ಇದರ ಮಧ್ಯೆ ಯೇಸುವಿನ ಬೆಟ್ಟದ ಮೇಲಿನ ಪ್ರಸಂಗ ಇಟ್ಟುಕೊಂಡು ತೋಟ ನಡೆಸಲು ಆಗಲ್ಲ. ಒಳ್ಳೆಯ ಮನುಷ್ಯನಾಗಿರು, ದಾನ ಮಾಡು, ಪ್ರಾರ್ಥನೆ ಮಾಡು. ಅಷ್ಟು ಸಾಕಲ್ವಾ?

ಹಳೇ ಮೇಸ್ತ್ರಿ

ಸಾರ್, ನಾನು ಮೂವತ್ತು ವರ್ಷಕ್ಕೂ ಜಾಸ್ತಿ ತೋಟಗಳಲ್ಲಿ ಮೇಸ್ತ್ರಿ ಆಗಿದ್ದವನು. ಈಗ ಮನೆಯಲ್ಲಿದ್ದೇನೆ. ನಾನೂ ಕ್ರಿಶ್ಚಿಯನ್ನೇ. ಯಾವ ತೋಟ ಅಂತ ಹೇಳಲ್ಲ, ಒಂದೇ ತೋಟದ ಮಾತೂ ಅಲ್ಲ.

ಕುಯ್ಲಿನ ಕಾಲದಲ್ಲಿ ಸಂಜೆ ತೂಕ ಆಗುತ್ತೆ. ಬೆಳಗ್ಗೆಯಿಂದ ಹಣ್ಣು ಕುಯ್ದ ಹೆಂಗಸರು ಚೀಲ ಹೊತ್ತು ತಂದು ಸಾಲಾಗಿ ನಿಲ್ಲುತ್ತಾರೆ. ಕೆಜಿ ಲೆಕ್ಕದಲ್ಲಿ ಕೂಲಿ. ತಕ್ಕಡಿ ಎಷ್ಟು ತೋರಿಸುತ್ತೋ ಅದರಲ್ಲಿ 'ಚೀಲದ್ದು, ಎಲೆ ಕಸದ್ದು' ಅಂತ ಎರಡು ಕೆಜಿ ಕಳೆದು ಬರೆಯೋದು. ಕೆಲವು ಕಡೆ ಮೂರು. ಯಾವತ್ತಾದರೂ ಖಾಲಿ ಚೀಲ ತೂಗಿ ನೋಡಿದ್ದೀರಾ? ಗೋಣಿಚೀಲ ಒಂದು ಕೆಜಿ ಬಂದರೆ ಹೆಚ್ಚು. ಪ್ಲಾಸ್ಟಿಕ್ ಚೀಲ ನೂರು ಗ್ರಾಂ ಚಿಲ್ಲರೆ. ಎಲೆ ಕಸ ಎಷ್ಟಿದೆ ಅಂತ ಚೀಲ ಸುರಿದರೆ ಕಣ್ಣಿಗೇ ಕಾಣುತ್ತೆ. ಉಳಿದದ್ದು ಎಲ್ಲಿ ಹೋಯಿತು? ಒಬ್ಬಳಿಗೆ ದಿನಕ್ಕೆ ಎರಡು ಮೂರು ಚೀಲ. ಐವತ್ತು ಜನ. ಎರಡು ತಿಂಗಳ ಕುಯ್ಲು. ಲೆಕ್ಕ ನೀವೇ ಹಾಕಿ. ಹಬ್ಬಕ್ಕೆ ಕೊಡುವ ದಾನ ಅಲ್ಲಿಂದಲೇ ಬರುತ್ತೆ ಅಂತ ನಾನು ಹೇಳಲ್ಲ. ಅಲ್ಲಿಂದ ಬರಲ್ಲ ಅಂತ ಹೇಳುವುದಕ್ಕೂ ಆಗಲ್ಲ.

ಶಿಷ್ಯ ಯಾರು ಅಂತ ಕೇಳಿದರೆ ನಾನು ತಕ್ಕಡಿ ಹತ್ತಿರ ನಿಂತು ಹೇಳುತ್ತೇನೆ, ಪೀಠದ ಹತ್ತಿರ ಅಲ್ಲ.

ಬಿಟ್ಟಂಗಾಲ ಪ್ಲಾಂಟರ್

ಮೇಸ್ತ್ರಿ ಅಂಕಲ್, ಎಲ್ಲರನ್ನೂ ಒಂದೇ ಗಾಡಿಗೆ ಕಟ್ಟಬೇಡಿ. ಹಸಿರು ಕಾಯಿ ಸೇರಿಸಿ ತರುವವರು ಇಲ್ವಾ? ಚೀಲದ ಅಡಿಯಲ್ಲಿ ಕಲ್ಲು ಸಿಕ್ಕಿದ್ದು ನಾನೇ ನೋಡಿದ್ದೇನೆ. ಅಡ್ವಾನ್ಸ್ ತೆಗೆದುಕೊಂಡು ರಾತ್ರೋರಾತ್ರಿ ಬೇರೆ ತೋಟಕ್ಕೆ ಹೋದವರು ಎಷ್ಟು ಜನ! ಆ ನಷ್ಟ ಯಾರು ಕೊಡುತ್ತಾರೆ?

ಹಳೇ ಮೇಸ್ತ್ರಿ

ಇದ್ದಾರೆ ಸಾರ್. ಕಲ್ಲು ಹಾಕಿದವಳ ಚೀಲದಲ್ಲಿ ಕಲ್ಲಿನ ತೂಕ ಕಳೆಯಿರಿ, ಬೇಡ ಅಂದವರು ಯಾರು? ಹಾಕದವಳ ಚೀಲದಲ್ಲಿ ಯಾಕೆ ಕಳೆಯಬೇಕು?

ಗೋಣಿಕೊಪ್ಪ ಟೀಚರ್

ನಾನು ಜರ್ಮನಿಗೆ ಹೋಗಿ ಹುಡುಕಿದ್ದು ಮೇಸ್ತ್ರಿಯವರ ಹತ್ತಿರವೇ ಇತ್ತು.

ರೈಟರ್, ಇದಕ್ಕೆ ಬೈಬಲಿನಲ್ಲಿ ಬೇಕಾದಷ್ಟು ಇದೆ. ಯಾಜಕಕಾಂಡ 19:13, ಕೂಲಿಯವನ ಕೂಲಿಯನ್ನು ಬೆಳಗಿನ ತನಕ ನಿನ್ನ ಹತ್ತಿರ ಇಟ್ಟುಕೊಳ್ಳಬೇಡ. ಯಾಕೋಬನ ಪತ್ರ 5:4 ಇನ್ನೂ ಖಾರ. ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿ ಕೂಗುತ್ತಿದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ ಅಂತ. ಕುಯ್ಲಿನ ಊರಿನವರಾದ ನಮಗೆ ಇದರ ಮೇಲೆ ಯಾರಾದರೂ ಪ್ರಸಂಗ ಮಾಡಿದ್ದು ನನಗೆ ನೆನಪಿಲ್ಲ.

ಸುಂಕದವನು ಜಕ್ಕಾಯನ ಕಥೆಯನ್ನೂ ನಾವು ಮಕ್ಕಳ ಹಾಡು ಮಾಡಿಬಿಟ್ಟಿದ್ದೇವೆ. ಕುಳ್ಳ ಮನುಷ್ಯ ಮರ ಹತ್ತಿದ, ಯೇಸು ಕರೆದ, ಮುಗೀತು. ಲೂಕ 19:8 ಯಾರೂ ಹಾಡಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ತೆಗೆದುಕೊಂಡಿದ್ದಕ್ಕೆ ನಾಲ್ಕರಷ್ಟು ವಾಪಸ್. ದಾನ ಬೇರೆ, ವಾಪಸ್ ಕೊಡೋದು ಬೇರೆ. ಅವನಿಗೆ ಎರಡೂ ಗೊತ್ತಿತ್ತು. ಈ ಮನೆಗೆ ಇಂದು ರಕ್ಷಣೆ ಬಂತು ಅಂತ ಯೇಸು ಹೇಳಿದ್ದು ಅದಾದ ಮೇಲೆ.

ನಾಪೋಕ್ಲು ಹಾಕಿ ಪ್ರಿಯ

ನಾನು ಕೊಡವ, ನಿಮ್ಮ ಧರ್ಮದವನಲ್ಲ. ಸುಮ್ನೆ ಓದುತ್ತಿದ್ದೆ, ಒಂದು ಮಾತು ಹೇಳಬಹುದಾ?

ನಮ್ಮ ತೋಟದ ಪಕ್ಕ ಒಂದು ಕ್ರಿಶ್ಚಿಯನ್ ಕುಟುಂಬದ ತೋಟ. ಆ ಮನೆಯ ಹಿರಿಯರು ತೀರಿಕೊಂಡ ಮೇಲೆ ಮಕ್ಕಳು ಪಾಲು ಮಾಡಿಕೊಳ್ಳಲು ಸರ್ವೆ ಮಾಡಿಸಿದರು. ಹಳೆಯ ಬೇಲಿ ನಮ್ಮ ಜಾಗದ ಒಳಗೆ ಬಂದಿತ್ತು. ಆರು ಸೆಂಟ್. ನಮಗೆ ಗೊತ್ತೇ ಇರಲಿಲ್ಲ. ಆ ಆರು ಸೆಂಟಿನಲ್ಲಿ ಸಿಲ್ವರ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಕಾಳಿನ ಗೊಂಚಲು ತುಂಬ ತುಂಬ. ಕುಯ್ಲಿಗೆ ಇನ್ನೊಂದು ತಿಂಗಳು ಇತ್ತು. ದೊಡ್ಡ ಮಗ ಬಂದು ಅಪ್ಪನಿಗೆ ಹೇಳಿದ: 'ಅಂಕಲ್, ಬೇಲಿ ಈ ವಾರವೇ ತೆಗೆಸುತ್ತೇನೆ, ಮೆಣಸು ನೀವೇ ಕುಯ್ದುಕೊಳ್ಳಿ.' ಕುಯ್ಲು ಆದ ಮೇಲೆ ಹೇಳಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ.

ಅವನು ನಮಗೆ ಯಾವತ್ತೂ ಬೈಬಲ್ ಹೇಳಿಲ್ಲ. ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ಮನೆಗೆ ಬರುತ್ತಾನೆ, ಕ್ರಿಸ್ಮಸ್‌ಗೆ ನಾವು ಹೋಗುತ್ತೇವೆ. ಬ್ರದರ್‌ಗೆ ಬೇಜಾರಾಗಬಾರದು, ಆದರೆ ಮನೆ ಬಾಗಿಲಿಗೆ ಕರಪತ್ರ ತಂದವರು ಯಾರೂ ನಮಗೆ ನೆನಪಿಲ್ಲ. ಬೇಲಿ ನೆನಪಿದೆ.

ಕುಶಾಲನಗರ ಬ್ರದರ್

ಬೇಜಾರಿಲ್ಲ ಅಣ್ಣ. ಆದರೆ ಒಂದು ಪ್ರಶ್ನೆ. ಅವನು ಯಾಕೆ ಹಾಗೆ ಮಾಡಿದ ಅಂತ ನೀವು ಕೇಳಿದಿರಾ? ಕೇಳಿದ್ದರೆ ಅವನು ಹೇಳುತ್ತಿದ್ದ. ಕೇಳಿದಾಗ ಹೇಳುವುದಕ್ಕೆ ಸಿದ್ಧವಾಗಿರಬೇಕು ಅಂತ ಪೇತ್ರನ ಪತ್ರದಲ್ಲಿದೆ, ಸೌಮ್ಯವಾಗಿ, ಗೌರವದಿಂದ. ನಮ್ಮವರು ಕೆಲವರು ಆ ಸೌಮ್ಯ ಮರೆಯುತ್ತಾರೆ, ಒಪ್ಪುತ್ತೇನೆ.

ಪುತ್ತರಿ ಮನೆಗೆ ಹೋಗುವ ವಿಷಯ ಮಾತ್ರ ನನಗೆ ಕಷ್ಟ. ನಾನು ಹೋಗಲ್ಲ.

ಸುಂಟಿಕೊಪ್ಪ ಅಕ್ಕ

ನಾನು ಹೋಗ್ತೀನಿ, ತಂಬಿಟ್ಟು ತಿಂತೀನಿ. ರೋಮಾಪುರದವರಿಗೆ ಬರೆದ ಪತ್ರ, 14ನೇ ಅಧ್ಯಾಯ ಓದಿಕೊಳ್ಳಿ. ತಿನ್ನುವವನು ತಿನ್ನದವನನ್ನು ಹೀನಾಯ ಮಾಡಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಹೇಳಬಾರದು. ನೀವು ಹೋಗಬೇಡಿ, ನಾನು ಹೋಗ್ತೀನಿ. ಇಬ್ಬರ ಪ್ರಾರ್ಥನೆಯೂ ಒಬ್ಬನಿಗೇ.

ವಿರಾಜಪೇಟೆ ಹಳೇ ಕಾಗದ

ಇತಿಹಾಸದ ಹುಚ್ಚಿನವನು ನಾನು, ಸ್ವಲ್ಪ ಸಹಿಸಿಕೊಳ್ಳಿ.

ವಿರಾಜಪೇಟೆ ಊರು, ಅಲ್ಲಿನ ಸಂತ ಅನ್ನಮ್ಮ ದೇವಾಲಯ, ಎರಡೂ ಶುರುವಾಗಿದ್ದು 1792ರಲ್ಲಿ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೆಥೋಲಿಕರಿಗೆ ಜಾಗ ಕೊಟ್ಟವನು ದೊಡ್ಡ ವೀರರಾಜೇಂದ್ರ. ಲಿಂಗಾಯತ ರಾಜ. ಅಂದರೆ ಈ ನಾಡಿನಲ್ಲಿ ನಮ್ಮ ಹಿರಿಯರು ಮೊದಲು ಉಂಡಿದ್ದು ಬೇರೆ ಧರ್ಮದವರು ಬಡಿಸಿದ ಅನ್ನ. ಈಗ ಅಸ್ಸಾಂನಿಂದ ಕುಯ್ಲಿಗೆ ಬಂದವರನ್ನು 'ಇವರು ಯಾರೋ ಎಲ್ಲಿಯವರೋ' ಅನ್ನುವ ನಮ್ಮವರಿಗೆ ಇದು ಗೊತ್ತಿರಬೇಕು.

ಇನ್ನೊಂದು, ರೈಟರ್ ನಿಮ್ಮ ಪಕ್ಕದ್ದೇ. ಸಿದ್ದಾಪುರದ ಹತ್ತಿರದ ಆನಂದಪುರ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗ್ 1850ರ ದಶಕದಲ್ಲಿ ಕಟ್ಟಿದ ಊರು. 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ತಂದ ಮೊಗ್ಲಿಂಗ್ ಅವರೇ. ಕೊಡಗಿಗೆ ಅವರು ಬಂದಿದ್ದು ಅಳಮಂಡ ಸೋಮಯ್ಯ ಅನ್ನುವ ಕೊಡವರು ಕ್ರೈಸ್ತರಾದ ಸಮಯದಲ್ಲಿ. ಆದರೆ ಆನಂದಪುರದಲ್ಲಿ ನೆಲೆ ನಿಂತವರು ಹೆಚ್ಚಾಗಿ ಗದ್ದೆಯಲ್ಲಿ ಜೀತಕ್ಕೆ ದುಡಿಯುತ್ತಿದ್ದ ಜನ. ಗದ್ದೆಯ ಜೊತೆಗೆ ಆಳುಗಳನ್ನೂ ಲೆಕ್ಕ ಹಾಕುತ್ತಿದ್ದ ಕಾಲ ಆಗ ಇನ್ನೂ ಹಳೆಯದಾಗಿರಲಿಲ್ಲ. ಅವರಿಗೆ ಯೇಸುವಿನ ಹಿಂದೆ ಹೋಗುವುದು ಅಂದ್ರೆ ತಲೆ ಎತ್ತಿ ನಡೆಯೋದೂ ಆಗಿತ್ತು. ಅಡ್ವಾನ್ಸ್ ಲೆಕ್ಕ ತೀರಿಲ್ಲ ಅಂತ ಈಗಲೂ ಯರವ, ಪಣಿಯ ಆದಿವಾಸಿಗಳನ್ನು ಒಂದೇ ತೋಟದಲ್ಲಿ ಹಿಡಿದಿಡುವ ಕ್ರಿಶ್ಚಿಯನ್ ಇದ್ದರೆ ಅವನು ಆನಂದಪುರದ ರಸ್ತೆಯಲ್ಲಿ ಒಮ್ಮೆ ನಡೆದು ಬರಲಿ.

ಕೊನೆಗೊಂದು ಚೂರು. ಮಡಿಕೇರಿ ಕೋಟೆಯೊಳಗೆ ಇಂಗ್ಲಿಷರು ಕಟ್ಟಿದ ಸಂತ ಮಾರ್ಕರ ಚರ್ಚ್ ಈಗ ಮ್ಯೂಸಿಯಂ. ಬಣ್ಣದ ಗಾಜಿನ ಕಿಟಕಿ ಚೆನ್ನಾಗಿದೆ, ಹೋದಾಗ ನೋಡಿ.

ಮಾದಾಪುರ ನರ್ಸ್

2018ರ ಆಗಸ್ಟ್ ಯಾರೂ ಹೇಳಲಿಲ್ಲವಲ್ಲ. ನಾನು ಆಗ ಒಂದು ಪರಿಹಾರ ಕೇಂದ್ರದಲ್ಲಿದ್ದೆ. ಗುಡ್ಡ ಜಾರಿ ಮನೆ ಬಿಟ್ಟು, ರಾತ್ರಿಯೆಲ್ಲಾ ತೋಟದೊಳಗೆ ನಡೆದು ಬಂದವರು. ಮೊಣಕಾಲಿನ ತನಕ ಕೆಸರು, ಬೆರಳ ಸಂದಿಯಲ್ಲೆಲ್ಲಾ ಜಿಗಣೆ. ಕಾನ್ವೆಂಟಿನ ಒಬ್ಬರು ವಯಸ್ಸಾದ ಸಿಸ್ಟರ್ ಒಂದು ಪ್ಲಾಸ್ಟಿಕ್ ಬಕೆಟ್, ಬಿಸಿನೀರು, ಉಪ್ಪಿನ ಡಬ್ಬಿ ಇಟ್ಟುಕೊಂಡು ಬಾಗಿಲಲ್ಲೇ ಕೂತಿದ್ದರು. ಬಂದವರ ಕಾಲು ಎಳೆದುಕೊಂಡು ಉಪ್ಪು ಹಾಕಿ ಜಿಗಣೆ ಬಿಡಿಸಿ ತೊಳೆಯೋದು, ಮುಂದಿನವರನ್ನು ಕರೆಯೋದು. ಕೊಡವತಿ, ಮಾಪಿಳ್ಳೆ ಮುಸ್ಲಿಂ, ಗೌಡರು, ಯಾರು ಅಂತ ನೋಡಲಿಲ್ಲ. ಒಬ್ಬ ಅಜ್ಜ ನಾಚಿಕೊಂಡು ಕಾಲು ಹಿಂದಕ್ಕೆ ಎಳೆದುಕೊಂಡರು. 'ಕೊಡಿ ಅಜ್ಜ, ನೀರು ತಣ್ಣಗಾಗುತ್ತೆ' ಅಂದರು ಸಿಸ್ಟರ್.

ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ ಪವಿತ್ರ ಗುರುವಾರ ಚರ್ಚಿನಲ್ಲಿ ಹನ್ನೆರಡು ಜನರ ಪಾದ ತೊಳೆಯುತ್ತಾರೆ. ಅವತ್ತು ಎಲ್ಲರೂ ಮನೆಯಲ್ಲೇ ಕಾಲು ತೊಳೆದುಕೊಂಡು ಬಂದಿರುತ್ತಾರೆ.

ಬಿಟ್ಟಂಗಾಲ ಪ್ಲಾಂಟರ್

ಎರಡು ದಿನ ಬರೆಯಲಿಲ್ಲ. ಓದುತ್ತಿದ್ದೆ.

ಮೇಸ್ತ್ರಿ ಅಂಕಲ್ ಮಾತು ಮೊದಲು ಸಿಟ್ಟು ತರಿಸಿತು. ನಮ್ಮಲ್ಲೂ ಚೀಲಕ್ಕೆ ಎರಡು ಕೆಜಿ ಕಳೆಯುತ್ತಾರೆ. ಅಪ್ಪನ ಕಾಲದ ಪದ್ಧತಿ, ಯಾಕೆ ಅಂತ ಯಾರೂ ಕೇಳಿದ್ದೇ ಇಲ್ಲ. ನಿನ್ನೆ ಗೋಡೌನಿನಲ್ಲಿ ಖಾಲಿ ಚೀಲ ತೂಗಿಸಿದೆ. ಮುಕ್ಕಾಲು ಕೆಜಿ. ರೋಬಸ್ಟಾಗೆ ಒಳ್ಳೆಯ ರೇಟು ಬಂದಾಗಲೂ ಆ ಎರಡು ಕೆಜಿ ಹಾಗೇ ಇತ್ತು.

ಈಗ ಒಂದು ನಿಜವಾದ ಪ್ರಶ್ನೆ, ಜಗಳಕ್ಕಲ್ಲ. ಕುಯ್ಲಿನ ಸಮಯದಲ್ಲಿ ಭಾನುವಾರ ಕೆಲಸ ಮಾಡಿಸಬಹುದಾ ಬಾರದಾ? ಆಳುಗಳಿಗೂ ದುಡ್ಡು ಬೇಕು, ರಜೆ ಕೊಟ್ಟರೆ ಪಕ್ಕದ ತೋಟಕ್ಕೆ ಹೋಗುತ್ತಾರೆ.

ಹಳೇ ಮೇಸ್ತ್ರಿ

ಸಾರ್, ಚೀಲ ತೂಗಿಸಿದ್ದಕ್ಕೆ ಕೈ ಮುಗಿಯುತ್ತೇನೆ. ಎಷ್ಟೋ ಜನ ತಕ್ಕಡಿ ಹತ್ತಿರವೂ ಬರಲ್ಲ.

ಭಾನುವಾರದ್ದು ಕೇಳಿದಿರಿ. ಅರೇಬಿಕಾ ಕಾಫಿ ಹಣ್ಣಾದರೆ ಉದುರುತ್ತೆ, ನಮಗಾಗಿ ಕಾದು ನಿಲ್ಲಲ್ಲ. ನಿಮ್ಮ ರೋಬಸ್ಟಾ ಹಣ್ಣಾದರೂ ಗಿಡ ಬಿಡಲ್ಲ. ಒಂದು ದಿನ ನಿಂತರೆ ಏನೂ ಆಗಲ್ಲ ಅಂತ ನಿಮಗೂ ಗೊತ್ತು. ಕಣದಲ್ಲಿ ಕಾಫಿ ಇದ್ದು ಮಳೆ ಬಂದರೆ ಮಾತ್ರ ಪೂಜೆ ಮಧ್ಯದಲ್ಲಾದರೂ ಓಡಿ ಟಾರ್ಪಾಲ್ ಹಾಕಿ. ಸಬ್ಬತ್, ಅಂದ್ರೆ ಕೆಲಸ ಮಾಡಬಾರದ ದಿನ, ಎತ್ತು ಬಾವಿಗೆ ಬಿದ್ದರೆ ಎತ್ತಲ್ವಾ ಅಂತ ಯೇಸುಸ್ವಾಮಿಯೇ ಕೇಳಿದ್ದಾರೆ.

ಆಳುಗಳು ಪಕ್ಕದ ತೋಟಕ್ಕೆ ಹೋಗೋದು ಆರು ದಿನದ ದುಡ್ಡು ಸಾಲದೆ. ಕಳೆಯೋ ಎರಡು ಕೆಜಿ ವಾಪಸ್ ಕೊಟ್ಟು ನೋಡಿ. ಭಾನುವಾರ ಅವರೇ ಸಂತೆಗೆ ಹೋಗುತ್ತಾರೆ.

ಸುಂಟಿಕೊಪ್ಪ ಅಕ್ಕ

ಭಾನುವಾರ ಪ್ಲಾಂಟರ್ ಮನೆಯ ಅಡುಗೆಯವಳಿಗೂ ರಜೆ ಇದೆಯಾ? ಸುಮ್ನೆ ಕೇಳಿದೆ.

ಬಿಟ್ಟಂಗಾಲ ಪ್ಲಾಂಟರ್

😅 ಅಕ್ಕ, ಒಂದೊಂದಾಗಿ ಬರೋಣ.

ಸಿದ್ದಾಪುರ ರೈಟರ್

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಸಿಗುತ್ತೆ ಅಂದುಕೊಂಡಿರಲಿಲ್ಲ.

ಜಕ್ಕಾಯನಿಂದ ಶುರು ಮಾಡುತ್ತೇನೆ. ನಾಪೋಕ್ಲು ಅಣ್ಣನ ಬೇಲಿ ಕಥೆ ಹೆಸರು ಹೇಳದೆ ಹೇಳಬಹುದು ಅಲ್ವಾ? ಅಕ್ಕನ ಮಾತು ಹುಡುಗಿಯರಿಗೆ ಮಾತ್ರ ಅಲ್ಲ, ಹುಡುಗರಿಗೇ ಮೊದಲು ಹೇಳಬೇಕು. ಬ್ರದರ್ ಒಪ್ಪಿದರೆ ಅವರನ್ನೇ ಕರೆಯೋಣ ಅಂತ ಫಾದರ್ ಹತ್ತಿರ ಕೇಳುತ್ತೇನೆ. ಕುಡಿತದ ಬಗ್ಗೆ ಬಿಟ್ಟವರು ಹೇಳಿದ ಹಾಗೆ ನಾನು ಹೇಳಲು ಆಗಲ್ಲ.

ತೂಕದ ವಿಷಯ ಕೂಟದಲ್ಲಿ ಹೇಳೋದಕ್ಕೆ ಮುಂಚೆ ನಮ್ಮ ತೋಟದಲ್ಲಿ ಮಾತಾಡಬೇಕು. ಚೆಕ್‌ರೋಲ್, ಅಂದ್ರೆ ಹಾಜರಿ ಕೂಲಿ ಪುಸ್ತಕ, ಬರೆಯುವ ಕೈ ನನ್ನದು. ಕಳೆಯಬೇಡಿ ಅಂದರೆ ಸಾಹುಕಾರರು ಏನಂತಾರೋ ಗೊತ್ತಿಲ್ಲ. ಬೇರೆ ರೈಟರ್ ಸಿಗೋದು ಅವರಿಗೆ ಕಷ್ಟ ಅಲ್ಲ. ಮನೆಯಲ್ಲಿ ಹೆಂಡತಿಗೆ ಹೇಳಿದೆ. 'ಕೇಳಿ, ಆದರೆ ಬಟವಾಡೆ ಆದ ಮೇಲೆ ಕೇಳಿ' ಅಂದಳು.

ಕುಶಾಲನಗರ ಬ್ರದರ್

ಕೆಥೋಲಿಕ್ ಕೂಟಕ್ಕೆ ನನ್ನನ್ನು ಬಿಡುತ್ತಾರಾ? ಬಿಟ್ಟರೆ ಬರುತ್ತೇನೆ. ನೀವು ಸಾಹುಕಾರರ ಹತ್ತಿರ ಮಾತಾಡುವ ದಿನ ಹೇಳಿ, ನಾವು ಇಲ್ಲಿ ಉಪವಾಸ ಪ್ರಾರ್ಥನೆ ಇಡುತ್ತೇವೆ.

ಹಳೇ ಮೇಸ್ತ್ರಿ

ರೈಟರ್, ಬರಿಗೈಯಲ್ಲಿ ಹೋಗಬೇಡ. ಖಾಲಿ ಚೀಲ ಒಂದು, ಒಂದು ಚೀಲದಿಂದ ಆರಿಸಿದ ಎಲೆ ಕಸ ಒಂದು ಕವರಿನಲ್ಲಿ. ಎರಡನ್ನೂ ಅವರ ಮುಂದೆಯೇ ತೂಗು. ಬಾಯಲ್ಲಿ ಜಾಸ್ತಿ ಹೇಳಬೇಡ.

ಬಿಟ್ಟಂಗಾಲ ಪ್ಲಾಂಟರ್

ರೈಟರ್, ಕೆಲಸ ಹೋದರೆ ನನಗೆ ಮೆಸೇಜ್ ಮಾಡಿ. ನಮ್ಮದು ಸಣ್ಣ ತೋಟ, ಆದರೂ ನೋಡೋಣ.

ಮತ್ತೆ ಯಾರಿಗಾದರೂ ಗೊತ್ತಿದ್ದರೆ ಹೇಳಿ, ಚೀಲದ ತೂಕ ಮೊದಲೇ ಸೊನ್ನೆ ಮಾಡಿಟ್ಟುಕೊಳ್ಳುವ ಎಲೆಕ್ಟ್ರಾನಿಕ್ ತಕ್ಕಡಿ ಗೋಣಿಕೊಪ್ಪದಲ್ಲಿ ಸಿಗುತ್ತಾ, ಮೈಸೂರಿಗೇ ಹೋಗಬೇಕಾ? ಕರೆಂಟ್ ಇಲ್ಲದ ಕಡೆ ನಡೆಯಬೇಕು. ಹೆಂಗಸರಿಗೂ ನಂಬರ್ ಕಾಣುವ ಹಾಗೆ ಎರಡು ಕಡೆ ಡಿಸ್‌ಪ್ಲೇ ಇದ್ದರೆ ಒಳ್ಳೆಯದು.